ದಾಟುವ ಹಂಗು ತಪ್ಪಿದ ಮೇಲೆ

ಮಾದಪ್ಪನ ಬೆಟ್ಟದಲ್ಲಿ ಹರಕೆ ತೀರಿಸಿ, ಗೋಪಿನಾಥಂ ಕಡೆಯಿಂದ ಹೊಗೇನಕಲ್ಲಿಗೆ ಇಳಿದು, ತೆಪ್ಪ ಹತ್ತಿ ಬಂಡೆಗಳ ನಡುವಿನ ಕಾವೇರಿಯಲ್ಲಿ ಒಂದು ಸುತ್ತು ಬರುವುದು ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಸ ದಂಪತಿಗಳಿಗೆ ಕೈಗೆಟಕುವ ಜಲವಿಹಾರ. ಕೈಯಲ್ಲಿ ಹೆಚ್ಚು ಹಣವಿದ್ದವರಿಗೆ 2021ರಿಂದ ಮುಂಬೈಯಲ್ಲಿ ಕಾರ್ಡೇಲಿಯಾ ಸಂಸ್ಥೆಯ ದೊಡ್ಡ ವಿಹಾರದ ಹಡಗೂ ಇದೆ. ಅದರಲ್ಲಿ ಊಟ, ವಸತಿ, ಆಟಪಾಟ ಎಲ್ಲವೂ ನೀರಿನ ಮೇಲೆಯೇ. ಬಿದಿರಿನ ತೆಪ್ಪಕ್ಕೂ ಬಹುಮಹಡಿಯ ಹಡಗಿಗೂ ಏನು ಸಂಬಂಧ ಎನ್ನಿಸಬಹುದು. ಆದರೆ ಎರಡರ ಹಿಂದೆಯೂ ಒಂದೇ ಚರಿತ್ರೆಯಿದೆ. ದಾಟಲೇಬೇಕಾದ ನೀರಿನ ಮೇಲೆ ಸಾಮಾನ್ಯ ಜನ ವಿಹಾರ ಮಾಡಿದವರಲ್ಲ. ದಾಟುವ ಹಂಗು ತಪ್ಪಿದ ಮೇಲಷ್ಟೇ ನೀರು ಅವರಿಗೆ ಸಂತೋಷದ ಜಾಗವಾಯಿತು. ಈ ಮಾತಿಗೆ ಕಾವೇರಿಯ ಈ ದಂಡೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಈ ದುಂಡು ತೆಪ್ಪ, ಅಂದರೆ ಹರಿಗೋಲು, ತೀರ ಹಳೆಯ ವಾಹನ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ತುಂಗಭದ್ರೆಯ ಮೇಲೆ ಇಂಥವನ್ನೇ ಕಂಡು ಬರೆದಿಟ್ಟಿದ್ದಾನೆ: ದುಂಡಗೆ ಬುಟ್ಟಿಯಂತಿದ್ದವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಕೂರಬಹುದಿತ್ತು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದಿತ್ತು. ಅವು ನೆಟ್ಟಗೆ ಸಾಗದೆ ಸದಾ ಗಿರಗಿರ ತಿರುಗುತ್ತಿದ್ದವೆಂಬುದನ್ನೂ ಅವನು ಗಮನಿಸಿದ್ದ. ಆಚೆ ದಡದ ಮೇಲೆಯೇ ಕಣ್ಣಿಟ್ಟವನಿಗೆ ಈ ತಿರುಗಾಟ ಒಂದು ಅಡ್ಡಿ. ಇಂದು ಹೊಗೇನಕಲ್ಲಿನಲ್ಲಿ ತೆಪ್ಪ ನಡೆಸುವವರು ಮಡುವಿನ ನಡುವೆ ಹುಟ್ಟು ಹಾಕಿ ಬೇಕೆಂದೇ ತೆಪ್ಪವನ್ನು ತಿರುಗಿಸುತ್ತಾರೆ, ಕೂತವರು ಕೇಕೆ ಹಾಕುತ್ತಾರೆ. ವಾಹನ ಅದೇ, ಚಲನೆಯೂ ಅದೇ. ಕೂತವನಿಗೆ ಆಚೆ ದಡದಲ್ಲಿ ಕೆಲಸವಿಲ್ಲ ಎಂಬುದೊಂದೇ ವ್ಯತ್ಯಾಸ.

ಕೊಳ್ಳೇಗಾಲದವರಿಗೆ ಆಚೆ ದಡದಲ್ಲಿ ಕೆಲಸವಿತ್ತು, ಅದೂ ಎಂಥ ಕೆಲಸ! 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರವರೆಗೂ ಹಾಗೆಯೇ ಉಳಿಯಿತು. ಶಿವನಸಮುದ್ರದ ಬಳಿ ಕಾವೇರಿಯ ಆಚೆಗೆ ಮೈಸೂರು ಸಂಸ್ಥಾನ, ಈಚೆಗೆ ಮದ್ರಾಸ್ ಪ್ರಾಂತ. ಒಂದೇ ಭಾಷೆಯಾಡುವ ಜನರ ನಡುವೆ ಎರಡು ಆಡಳಿತಗಳು. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ಸಂತೆ, ಸಂಬಂಧ, ಯಾತ್ರೆ ಎಲ್ಲವೂ ಹರಿಗೋಲಿನವನ ಧೈರ್ಯಕ್ಕೆ ಬಿಟ್ಟ ಮಾತು. ಈ ಕಷ್ಟವನ್ನು ನೀಗಿದ್ದು ಕಲ್ಲಿನ ಸೇತುವೆಗಳು. ಶಿವನಸಮುದ್ರದ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೆಯ ಶತಮಾನದ ಪೂರ್ವಾರ್ಧದಲ್ಲಿ ನಡುಗಡ್ಡೆಯ ಎರಡೂ ಬದಿಯ ಕವಲುಗಳಿಗೆ ಸೇತುವೆ ಕಟ್ಟಿಸಿದರು. ಬಂಡೆಯ ಮೇಲೆ ನಿಲ್ಲಿಸಿದ ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಒಂದಕ್ಕೆ ವೆಲ್ಲೆಸ್ಲಿ, ಇನ್ನೊಂದಕ್ಕೆ ಲಷಿಂಗ್ಟನ್ ಎಂದು ಹೆಸರು. ಮೊದಲನೆಯದು ಊರವರ ಬಾಯಲ್ಲಿ ವೆಸ್ಲಿ ಸೇತುವೆ. ಅದಕ್ಕೂ ಮೊದಲು, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಇದೇ ಕ್ರಮದ ಸೇತುವೆ ಕಟ್ಟಿಸಿದ್ದ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ಯಳಂದೂರು. ಕಾವೇರಿಗೆ ಕಲ್ಲಿನ ದಾರಿ ಹಾಸಿದ ಇಬ್ಬರ ಹೆಸರೂ ಹೀಗೆ ಈ ಸೀಮೆಯ ಚರಿತ್ರೆಯಲ್ಲಿ ಸೇರಿಕೊಂಡಿದೆ. ಸೇತುವೆಗಳ ಮೇಲೆ ಗಾಡಿ, ಆಮೇಲೆ ಬಸ್ಸು ಓಡಿದವು. ಭರಚುಕ್ಕಿ ಜಲಪಾತಕ್ಕೆ ಜನ ನೋಡಲೆಂದೇ ಬರುವುದಕ್ಕೆ ದಾರಿಯಾದದ್ದೂ ಇವುಗಳಿಂದಲೇ.

ಸಮುದ್ರದ ಕಥೆಯೂ ಬೇರೆಯಲ್ಲ. 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಪ್ರಯಾಣಿಕ ಸೇವೆ ಶುರುವಾದ ಮೇಲೆ ಪ್ರಯಾಣಿಕ ಹಡಗುಗಳು ಕೆಲವೇ ವರ್ಷಗಳಲ್ಲಿ ಗಿರಾಕಿಗಳನ್ನು ಕಳೆದುಕೊಂಡವು. ಯೂರೋಪ್ ಮತ್ತು ಅಮೆರಿಕದ ನಡುವೆ ಜನರನ್ನು ಸಾಗಿಸಲೆಂದು 1962ರಲ್ಲಿ ಓಡಾಟ ಆರಂಭಿಸಿದ 'ಫ್ರಾನ್ಸ್' ಎಂಬ ಭಾರಿ ಹಡಗು 1974ರಲ್ಲಿ ನಿಂತುಹೋಯಿತು. 1980ರಲ್ಲಿ ಅದೇ ಹಡಗು 'ನಾರ್ವೆ' ಎಂಬ ಹೆಸರಿನಿಂದ ಕೆರೀಬಿಯನ್ ಸಮುದ್ರದಲ್ಲಿ ವಿಹಾರಕ್ಕೆ ಹೊರಟಿತು. ಸೇತುವೆ ಹರಿಗೋಲಿಗೆ ಮಾಡಿದ್ದನ್ನೇ ವಿಮಾನ ಹಡಗಿಗೆ ಮಾಡಿತು. ಹೊರಟ ಬಂದರಿಗೇ ಮರಳುವ ಹಡಗೂ ಹೊರಟ ದಡಕ್ಕೇ ಮರಳುವ ತೆಪ್ಪವೂ ಒಂದೇ ಬಗೆಯ ಬಿಡುಗಡೆಯಿಂದ ಹುಟ್ಟಿದವು.

ತೆಪ್ಪೋತ್ಸವ ಹಿಂದಿನಿಂದಲೂ ಇಲ್ಲವೇ, ಅದು ಜಲವಿಹಾರವಲ್ಲವೇ ಎಂದು ಕೇಳಬಹುದು. ಹೌದು. ದೀಪಾವಳಿಯ ಸಮಯದಲ್ಲಿ ಮಾದಪ್ಪನ ಬೆಟ್ಟದ ದೊಡ್ಡಕೆರೆಯಲ್ಲೂ ತೆಪ್ಪೋತ್ಸವ ನಡೆಯುತ್ತದೆ. ಆದರೆ ಅಲ್ಲಿ ವಿಹರಿಸುವುದು ದೇವರು, ಜನ ದಡದ ಮೇಲೆ ನಿಂತು ನೋಡುವವರು. ಆ ತೆಪ್ಪ ತೇಲುವುದೂ ಕಟ್ಟೆ ಕಟ್ಟಿ ನಿಲ್ಲಿಸಿದ ಕೆರೆಯ ನೀರಿನಲ್ಲಿ. ಗುರಿಯಿಲ್ಲದೆ ನೀರಿನ ಮೇಲಿರುವ ಸುಖವನ್ನು ಜನ ಮೊದಲು ದೇವರಿಗೆ ಮೀಸಲಿಟ್ಟಿದ್ದರು ಎಂಬುದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಶಿವರಾತ್ರಿಯ ಹೊತ್ತಿಗೆ ಕನಕಪುರ ಕಡೆಯ ಭಕ್ತರು ಇಂದಿಗೂ ಸಂಗಮ ದಾಟಿ, ಬಸವನಕಡದ ಬಳಿ ಕಾವೇರಿಗಿಳಿದು, ಶಾಗ್ಯ, ಕೌದಳ್ಳಿ, ತಾಳಬೆಟ್ಟದ ಮೇಲೆ ಹಾಯ್ದು ನಡೆದೇ ಮಾದಪ್ಪನ ಬಳಿಗೆ ಬರುತ್ತಾರೆ. ಅವರಲ್ಲಿ ಗಂಡಹೆಂಡಿರೂ ಇರುತ್ತಾರೆ. ಬಸ್ಸಿದ್ದರೂ ಹೊಳೆಗಿಳಿಯುವ ಇವರಿಗೆ ದಾಟುವುದರಲ್ಲೇ ಸಂತೋಷವಿಲ್ಲವೇ? ಇದೆ. ಆದರೆ ಆ ಸಂತೋಷದ ಬೇರು ಬೆಟ್ಟದ ಮೇಲಿದೆ. ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಡೆಯುವವರು 'ಉಘೇ' ಎನ್ನುವುದು ಹೊಳೆಗಲ್ಲ, ಮಾದಪ್ಪನಿಗೆ. ಯಾತ್ರೆಯ ಸುಖ ಗುರಿಯಿಂದ ಬಂದದ್ದು, ವಿಹಾರದ ಸುಖ ಗುರಿ ಇಲ್ಲದಿರುವುದರಿಂದ ಬಂದದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಕೀಳು ಮಾಡಬೇಕಾಗಿಲ್ಲ. ಎರಡೂ ಒಂದೇ ಹೊಳೆಯ ದಡದಲ್ಲಿ ಜೊತೆಯಾಗಿ ಬದುಕಿವೆ.

ಹಂಗು ತಪ್ಪಿದರಷ್ಟೇ ಸಾಲದು, ಭಯವೂ ತಪ್ಪಬೇಕು. ಗೋಪಿನಾಥಂ ಕಾಡುಗಳ್ಳ ವೀರಪ್ಪನ್ ಹುಟ್ಟಿದೂರು. 2004ರ ಅಕ್ಟೋಬರಿನಲ್ಲಿ ಅವನು ಸಾಯುವವರೆಗೆ ಆ ಕಾಡಿನ ದಾರಿಯಲ್ಲಿ ವಿಹಾರದ ಮಾತು ಆಡುವಂತಿರಲಿಲ್ಲ. ಈಗ ಅಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಪ್ರವಾಸಿ ಶಿಬಿರವಿದೆ. ಹೊಳೆಯ ಭಯ ಮಾತ್ರ ಪೂರ್ತಿ ತಪ್ಪುವಂಥದ್ದಲ್ಲ. 2018ರ ಆಗಸ್ಟಿನ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಮರುವರ್ಷ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂಥ ದಂಡೆಯ ಊರುಗಳಿಗೆ ನೀರು ನುಗ್ಗಿತು. ಆದ್ದರಿಂದ ಈ ಸೀಮೆಯಲ್ಲಿ ಜಲವಿಹಾರವನ್ನು ಬೆಳೆಸಬೇಕೆನ್ನುವವರು ಅದರ ಚರಿತ್ರೆಯಿಂದ ಎರಡು ಮಾತು ಕಲಿಯಬೇಕು. ಹೊಳೆಯ ಸೆಳೆತ, ಸುಳಿ, ಬಂಡೆಗಳ ಅರಿವು ತಲೆಮಾರುಗಳಿಂದ ಜನರನ್ನು ದಾಟಿಸಿದವರ ಮನೆಗಳಲ್ಲಿ ಉಳಿದಿದೆ. ತೆಪ್ಪದ ಆದಾಯವೂ, ಇವತ್ತು ತೆಪ್ಪ ಇಳಿಸಬಾರದು ಎಂದು ಹೇಳುವ ಅಧಿಕಾರವೂ ಮೊದಲು ಅವರಿಗೆ ಸಲ್ಲಬೇಕು. ಎರಡನೆಯದಾಗಿ, ವೆಸ್ಲಿ ಸೇತುವೆಯನ್ನು ಪಾಳು ಬೀಳಲು ಬಿಡಬಾರದು. ಇಂದಿನ ದಂಪತಿಗಳು ನಿಶ್ಚಿಂತೆಯಿಂದ ತೆಪ್ಪದಲ್ಲಿ ಕೂರಬಲ್ಲರಾದರೆ ಅದು ಹುಟ್ಟು ಹಾಕಿದವರ ಮತ್ತು ಕಲ್ಲು ನಿಲ್ಲಿಸಿದವರ ದುಡಿಮೆಯ ಫಲ. ಅದನ್ನು ಅನುಭವಿಸುವ ನಾವು ಆ ಇಬ್ಬರಿಗೂ ಋಣಿಗಳು.