ಮಣ್ಣಿನ ಕಿಲ್ಲೆ, ತೆರೆಯ ಕಿಲ್ಲೆ

ದೀಪಾವಳಿ ಸಮೀಪಿಸಿದಂತೆ ಪುಣೆಯ ಮಕ್ಕಳು ಕಿಲ್ಲೆ ಕಟ್ಟತೊಡಗುತ್ತಾರೆ. ಕಲ್ಲು, ಇಟ್ಟಿಗೆಯ ಚೂರುಗಳನ್ನು ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಸರು ಮೆತ್ತಿ ಬೆಟ್ಟ ಮಾಡುತ್ತಾರೆ. ಕಾಳು ಬಿತ್ತಿ ಹಸಿರು ತರಿಸುತ್ತಾರೆ. ಶಿಖರದಲ್ಲಿ ಶಿವಾಜಿ ಮಹಾರಾಜರ ಬೊಂಬೆಯನ್ನೂ ಕೆಳಗೆ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಬಲಿಪಾಡ್ಯಮಿಯಂದು ಸಗಣಿಯಲ್ಲಿ ಪಾಂಡವರನ್ನು ಮಾಡುವ ಉತ್ತರ ಕರ್ನಾಟಕದ ಮನೆಗಳಿಂದ ಬಂದು ಬಿಬವೇವಾಡಿಯಲ್ಲಿ ನೆಲೆಸಿದ ನಮಗೆ ಈ ಆಟ ಪರಕೀಯವೆನಿಸಲಿಲ್ಲ. ಎರಡೂ ಕಡೆ ಹಬ್ಬವೆಂದರೆ ಕೈಗೆ ಅಂಟುವ ವಸ್ತುವೇ.

ಇಂದು ನಮ್ಮ ಮಕ್ಕಳು ಅದೇ ಕಿಲ್ಲೆಯನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟುತ್ತಾರೆ. ಬುರುಜು ಎದ್ದಾಗ ಅವರ ಮುಖದಲ್ಲಿ ಮೂಡುವ ಸಂತೋಷ ನಿಜವಾದುದು. ಆದರೂ ಕೈ ಕೆಸರಾಗದ ಈ ಕೆಲಸವನ್ನು ಕಟ್ಟುವುದೆನ್ನಬಹುದೇ ಎಂಬ ಅಳುಕು ಹೆತ್ತವರಾದ ನಮ್ಮನ್ನು ಬಿಟ್ಟಿಲ್ಲ.

ಇತಿಹಾಸದತ್ತ ತಿರುಗಿದರೆ, ಕಟ್ಟುವ ಆಟದ ವಸ್ತು ಬದಲಾಗುತ್ತಲೇ ಬಂದಿದೆ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುಶಿಕ್ಷಣದ ಪ್ರಯೋಗದಲ್ಲಿ ಮಕ್ಕಳ ಕೈಗೆ ಮರದ ಘನಗಳನ್ನಿತ್ತನು. ಡೆನ್ಮಾರ್ಕಿನ ಲೆಗೋ ಸಂಸ್ಥೆ ಒಂದಕ್ಕೊಂದು ಕಚ್ಚಿಕೊಳ್ಳುವ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಕೋರಿತು. 1989ರ ಸಿಮ್‌ಸಿಟಿ ಇಡೀ ನಗರವನ್ನೇ ಕಂಪ್ಯೂಟರಿನ ತೆರೆಗೆ ತಂದಿತು. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ರೂಪಿಸಿದ ಮೈನ್‌ಕ್ರಾಫ್ಟ್ 2009ರಲ್ಲಿ ಜನರ ಮುಂದೆ ಬಂದು, 2011ರಲ್ಲಿ ಪೂರ್ಣರೂಪ ತಳೆಯಿತು.

ಈ ಆಟದ ಒಂದು ನಿಯಮ ಸಹ್ಯಾದ್ರಿಯ ಕೋಟೆಗಾರರಿಗೂ ಪರಿಚಿತವಾದುದೇ: ಮೊದಲು ಅಗೆಯಬೇಕು, ಆಮೇಲೆ ಕಟ್ಟಬೇಕು. ಗಿರಿದುರ್ಗಗಳಲ್ಲಿ ಗೋಡೆಗೆಂದು ಬಂಡೆಯನ್ನು ಕಡಿದ ಹಳ್ಳಗಳು ಮಳೆನೀರಿನ ತೊಟ್ಟಿಗಳಾದವು. ಒಂದೇ ಶ್ರಮದಿಂದ ಗೋಡೆಯೂ ದೊರೆಯಿತು, ನೀರೂ ದೊರೆಯಿತು. ರಾಯಗಡಕ್ಕೆ ಮೊದಲು ರಾಜಧಾನಿಯಾಗಿದ್ದ ರಾಜಗಡದ ಪದ್ಮಾವತಿ ಮಾಚಿಯಲ್ಲಿ ಕೆರೆಯನ್ನು ಇಂದಿಗೂ ಕಾಣಬಹುದು. ನೀರು ಬತ್ತಿದರೆ ಎಷ್ಟು ದಪ್ಪದ ಗೋಡೆಯೂ ಕೋಟೆಯನ್ನು ಉಳಿಸಲಾರದು.

ವ್ಯತ್ಯಾಸವಿರುವುದು ಇಲ್ಲಿಯೇ. ಆಟದಲ್ಲಿ ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಕಲ್ಲುಗಳು ಆಧಾರವಿಲ್ಲದೆಯೂ ಗಾಳಿಯಲ್ಲಿ ನಿಲ್ಲುತ್ತವೆ. ಎರಡು ಬಕೆಟ್ ನೀರನ್ನು ತಕ್ಕ ಗುಂಡಿಗೆ ಸುರಿದರೆ ಬತ್ತದ ಬಾವಿಯಾಗುತ್ತದೆ. ಕೆಸರಿನ ಕಿಲ್ಲೆಯಾದರೋ ಕುಸಿಯುತ್ತದೆ, ಬಿರಿಯುತ್ತದೆ. ಅದನ್ನು ಮತ್ತೆ ಮೆತ್ತಲು ನೆರೆಮನೆಯ ಮಕ್ಕಳೂ ಬೇಕು. ಮರಾಠಿ ಮಾತಿನ ಆ ಅಂಗಳದಲ್ಲಿ ಕನ್ನಡದ ಮಕ್ಕಳಿಗೆ ಗೆಳೆತನ ದೊರೆತದ್ದು ಹೀಗೆ ಜೊತೆಗೂಡಿ ಮೆತ್ತುವಾಗಲೇ. ತೆರೆಯ ಕಿಲ್ಲೆಯಿಂದ ನಾವು ಕಳೆದುಕೊಳ್ಳಬಹುದಾದದ್ದು ಮಣ್ಣಿಗಿಂತ ಹೆಚ್ಚಾಗಿ ಆ ಅಂಗಳವನ್ನು.

2025ರ ಜುಲೈನಲ್ಲಿ ರಾಜಗಡ, ರಾಯಗಡ, ಶಿವನೇರಿ ಸೇರಿದಂತೆ 12 ಮರಾಠಾ ದುರ್ಗಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕೋಟೆಗಳಿಗೆ ಮನ್ನಣೆ ದೊರೆಯಿತು. ಅವುಗಳ ತರ್ಕವನ್ನು ಮಕ್ಕಳಿಗೆ ದಾಟಿಸುವ ಹೊಣೆ ಮನೆಗಳದು. ಆಟವನ್ನು ಕಸಿದುಕೊಳ್ಳುವುದರಿಂದ ಅದು ಸಾಧ್ಯವಾಗದು. ಮಗು ಕಟ್ಟಿದ ಕಿಲ್ಲೆಯ ಮುಂದೆ ಕುಳಿತು, ‘ಇಲ್ಲಿ ನೀರು ಎಲ್ಲಿಂದ ಬರುತ್ತದೆ, ಕಾವಲಿಗೆ ಯಾರಿದ್ದಾರೆ?’ ಎಂದು ನಾವು ಕೇಳಬಹುದು. ಉತ್ತರ ಹುಡುಕಲು ಒಮ್ಮೆ ರಾಜಗಡವನ್ನು ಹತ್ತಿಸಬಹುದು, ಕಾರ್ತಿಕದಲ್ಲಿ ಅಂಗಳಕ್ಕೆ ಒಂದು ಬುಟ್ಟಿ ಮಣ್ಣು ತಂದು ಸುರಿಯಬಹುದು.