ಮನೆಯೊಳಗಿನ ಹಿಂಸೆ ಮತ್ತು ರಾಜಿ: ಶಿವಮೊಗ್ಗ, ಭದ್ರಾವತಿ ಕುಟುಂಬಗಳಿಗೆ ಮಾಹಿತಿ

ಗಂಡನ ಮನೆಯಲ್ಲಿ ಪೆಟ್ಟು ತಿಂದು ಮಗಳು ತವರಿಗೆ ಬಂದರೆ, ಶಿವಮೊಗ್ಗವಾಗಲಿ ಭದ್ರಾವತಿಯಾಗಲಿ, ಮೊದಲು ಕೂರುವುದು ಹಿರಿಯರ ಪಂಚಾಯ್ತಿ. "ಆದದ್ದಾಯಿತು, ಹೊಂದಿಕೊಂಡು ಹೋಗಮ್ಮ" ಎಂದು ಎರಡೇ ದಿನದಲ್ಲಿ ಕಳುಹಿಸಿಬಿಡುವುದುಂಟು. ಉತ್ತಮ ಕ್ಷಮೆಯ ಮಾತನ್ನೂ ಅಲ್ಲಿ ಎತ್ತುತ್ತಾರೆ. ಆದರೆ ಕ್ಷಮಾವಣಿಯ ದಿನ ನಾವು ಕೈಮುಗಿಯುವುದು ನಮ್ಮ ತಪ್ಪನ್ನು ಒಪ್ಪಿಕೊಂಡು. ಹೊಡೆದವನು ಒಪ್ಪದೆ, ಹೊಡೆಸಿಕೊಂಡವಳಿಗೆ ಮಾತ್ರ ಕ್ಷಮಿಸು ಎಂದರೆ ಅದು ರಾಜಿಯಾಗದು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಮನೆಖರ್ಚಿಗೆ ಹಣ ಕೊಡದಿರುವುದು, ಸ್ತ್ರೀಧನ ಕಸಿಯುವುದೂ ಅದರಲ್ಲಿ ಸೇರಿವೆ. ಸೊಸೆಯ ಒಡವೆಯನ್ನು ಅವಳ ಒಪ್ಪಿಗೆಯಿಲ್ಲದೆ ಅಡವಿಟ್ಟು ಅಂಗಡಿಗೆ ಬಂಡವಾಳ ಹಾಕುವ ವ್ಯಾಪಾರಸ್ಥರು ಇದನ್ನು ಗಮನಿಸಬೇಕು.

ಈ ಕಾಯ್ದೆ ಸಂಸಾರ ಒಡೆಯುತ್ತದೆ ಎಂಬ ಭಯ ಹಲವರಿಗಿದೆ. 14ನೇ ಕಲಂ ಓದಿದವರಿಗೆ ಹಾಗನ್ನಿಸದು. ಮ್ಯಾಜಿಸ್ಟ್ರೇಟರು ಗಂಡಹೆಂಡಿರನ್ನು ಒಬ್ಬೊಬ್ಬರಾಗಿ ಅಥವಾ ಒಟ್ಟಿಗೆ ಆಪ್ತಸಮಾಲೋಚನೆಗೆ ಕಳುಹಿಸಬಹುದು. ಹಿಂಸೆ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದೇ ಅದರ ಉದ್ದೇಶ. "ಎದುರು ಮಾತಾಡಿದಳು, ಅದಕ್ಕೆ ಕೈ ಎತ್ತಿದೆ" ಎಂಬ ಸಮರ್ಥನೆಗೆ ಅಲ್ಲಿ ಅವಕಾಶವಿಲ್ಲ. ಇದನ್ನು ಮೊದಲೇ ಅವನಿಗೆ ತಿಳಿಸಬೇಕೆಂದು 2006ರ ನಿಯಮಗಳಲ್ಲಿದೆ. ನೊಂದವಳು ಬಯಸಿದರೆ ಮಾತ್ರ ರಾಜಿಯ ಪ್ರಯತ್ನ. ಎಲ್ಲರೂ ಬರೆದು ಒಪ್ಪದ ಹೊರತು ಸಂಬಂಧಿಕರು ಸಮಾಲೋಚಕರಾಗುವಂತಿಲ್ಲ. ನಮ್ಮ ಪಂಚಾಯ್ತಿಗಳಲ್ಲಿ ಕೂರುವವರೆಲ್ಲ ಮಾವ, ಬೀಗರು, ದೊಡ್ಡಪ್ಪಂದಿರೇ!

ಹಿರಿಯರಿಗೆ ಕೆಲಸವೇ ಇಲ್ಲವೆಂದಲ್ಲ. ಅವಳ ಮಾತನ್ನು ಗಂಡನ ಕಡೆಯವರಿಲ್ಲದಾಗ, ಮನೆಯ ಹೆಂಗಸರೊಬ್ಬರನ್ನು ಕೂರಿಸಿಕೊಂಡು ಕೇಳಬೇಕು. ಹಿಂತಿರುಗುವ ದಿನವನ್ನು ಅವಳೇ ಹೇಳಲಿ. ಹೋದ ಮೇಲೂ ತಿಂಗಳುಗಟ್ಟಲೆ ವಿಚಾರಿಸುತ್ತಿರಬೇಕು. ಬಿಟ್ಟುಬಂದ ಮೇಲೆ ಫೋನೂ ಮಾಡದಿರುವುದೇ ಹೆಚ್ಚು.

ಪೆಟ್ಟಾಗಿದ್ದರೆ ಶಿವಮೊಗ್ಗದ ಮೆಗ್ಗಾನ್ ಅಥವಾ ಭದ್ರಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಿಜವಾದ ಕಾರಣವನ್ನೇ ಬರೆಸಬೇಕು. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಬರೆಸಿದ ಚೀಟಿಯೇ ಮುಂದೆ ಅವಳಿಗೆ ಅಡ್ಡಬರುತ್ತದೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ದೂರನ್ನು ಅವರಿಗೆ ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100.