ಸಣ್ಣ ಕಂಪನಿಯ ಸ್ಪಾನ್ಸರ್: ಎಚ್-1ಬಿ ವೀಸಾ ನಡೆದು ಬಂದ ದಾರಿ

'ಅವರ ಮಗ ಅಮೆರಿಕಕ್ಕೆ ಹೋದ' ಅನ್ನುವ ಮಾತು ನಮ್ಮ ಊರುಗಳಿಗೆ ಹೊಸದಲ್ಲ. ಆದರೆ ಅವನನ್ನು ಕರೆಸಿಕೊಂಡವರು ಯಾರು ಎಂದು ನಾವು ಕೇಳುವುದು ಕಡಿಮೆ. ಅಮೆರಿಕದ ಎಚ್-1ಬಿ ವೀಸಾಗೆ ಅರ್ಜಿ ಹಾಕುವುದು ಕೆಲಸಗಾರನಲ್ಲ, ಕಂಪನಿ. ಆ ಕಂಪನಿ ಹತ್ತೇ ಜನರ ಸ್ಟಾರ್ಟ್‌ಅಪ್ ಆಗಿದ್ದರೂ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಬಂದದ್ದು ಬೇರೆ ಕಡೆಯಿಂದ.

1946ರ ಕಾಯ್ದೆ ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ 100 ಜನರ ಕೋಟಾ. 1952ರಲ್ಲಿ ವಿಶೇಷ ಪ್ರತಿಭೆಯುಳ್ಳವರು ತಾತ್ಕಾಲಿಕವಾಗಿ ಬಂದು ಕೆಲಸ ಮಾಡಲು ಎಚ್-1 ಎಂಬ ವರ್ಗ ಹುಟ್ಟಿತು. 1990ರ ಕಾಯ್ದೆ ಅದನ್ನು ಒಡೆದು ಎಚ್-1ಬಿ ಮಾಡಿ, ವರ್ಷಕ್ಕೆ 65,000 ಎಂಬ ಮಿತಿ ಹಾಕಿತು. ಪದವಿ ಬೇಡುವ ಪರಿಣತಿಯ ಕೆಲಸ ಇರಬೇಕು, ಆ ಊರಿನಲ್ಲಿ ಅಂಥ ಕೆಲಸಕ್ಕೆ ನಡೆಯುವ ಸಂಬಳ ಕೊಡಬೇಕು. ಈ ಎರಡು ಷರತ್ತು ದೊಡ್ಡ ಕಂಪನಿಗೂ ಒಂದೇ, ಸಣ್ಣದಕ್ಕೂ ಒಂದೇ.

ಆಮೇಲೆ ಬಂದದ್ದು ಇಂಟರ್ನೆಟ್ ಮತ್ತು ವೈ2ಕೆ ಭರಾಟೆ. ಬೆಂಗಳೂರಿನ ಎಂಜಿನಿಯರುಗಳು ವಿಮಾನ ಹತ್ತಿದ ಕಾಲ ಅದು. 1998ರ ಕಾಯ್ದೆ ಮಿತಿಯನ್ನು 1,15,000ಕ್ಕೆ ಏರಿಸಿತು, 2000ದ ಕಾಯ್ದೆ 1,95,000ಕ್ಕೆ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನೂ 2000ದ ಕಾಯ್ದೆ ಸುಲಭ ಮಾಡಿತು. ಹೊಸ ಕಂಪನಿ ಅರ್ಜಿ ಹಾಕಿದರೆ ಸಾಕು, ಮಂಜೂರಾತಿಗೆ ಕಾಯದೆ ಕೆಲಸ ಶುರು ಮಾಡಬಹುದು. ಆಗಲೇ ಅಮೆರಿಕದಲ್ಲಿರುವವರನ್ನು ಸೇರಿಸಿಕೊಳ್ಳಲು ಸ್ಟಾರ್ಟ್‌ಅಪ್‌ಗಳಿಗೆ ಇದರಿಂದ ಬಾಗಿಲು ತೆರೆಯಿತು.

ಬಾಗಿಲು ಬಹಳ ದಿನ ಅಗಲವಾಗಿ ಉಳಿಯಲಿಲ್ಲ. 2004ರ ಹೊತ್ತಿಗೆ ಮಿತಿ ಮತ್ತೆ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮಾತ್ರ ಇನ್ನೂ 20,000 ಸೇರಿತು. ಆಗ ಬಂದ ಕಾನೂನು ಸಣ್ಣವರಿಗೆ ಒಂದು ರಿಯಾಯಿತಿ ಕೊಟ್ಟಿತು: ತರಬೇತಿ ಶುಲ್ಕ 1,500 ಡಾಲರ್, ಆದರೆ 25 ಅಥವಾ ಅದಕ್ಕಿಂತ ಕಡಿಮೆ ನೌಕರರಿದ್ದರೆ 750 ಮಾತ್ರ.

2007ರ ಏಪ್ರಿಲ್‌ನಲ್ಲಿ ಮೊದಲ ದಿನವೇ ಮಿತಿ ಮೀರಿ ಲಾಟರಿ ಎತ್ತಬೇಕಾಯಿತು. ಒಬ್ಬನೇ ಎಂಜಿನಿಯರನ್ನು ನಂಬಿ ಕೂತ ಸಣ್ಣ ಕಂಪನಿಗೆ ಲಾಟರಿ ಅಂದರೆ ಜೂಜು. ದೊಡ್ಡ ಕಂಪನಿಗೆ ನೂರರಲ್ಲಿ ಮೂವತ್ತು ಬಂದರೂ ಕೆಲಸ ನಡೆಯುತ್ತದೆ. ಮೇಲಾಗಿ 2010ರ ಜನವರಿಯ ಸರ್ಕಾರಿ ಸುತ್ತೋಲೆಯೊಂದು 'ಮಾಲೀಕ ಬೇರೆ, ನೌಕರ ಬೇರೆ ಎಂದು ತೋರಿಸಿ' ಎಂದಿತು. ತಾನೇ ಕಟ್ಟಿದ ಕಂಪನಿಯಿಂದ ವೀಸಾ ಪಡೆಯಲು ಹೊರಟವರಿಗೆ ಇದು ಗೋಡೆಯಾಯಿತು. ಆ ಸುತ್ತೋಲೆ 2020ರಲ್ಲಿ ರದ್ದಾಯಿತು. 2025ರ ಜನವರಿಯ ನಿಯಮ ಅಂಥವರಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು, ಮೊದಲ ಅವಧಿ 18 ತಿಂಗಳು.

ಈ ನಡುವೆ ಒಬ್ಬರ ಹೆಸರನ್ನೇ ಹಲವು ಕಂಪನಿಗಳು ನೋಂದಾಯಿಸುವ ಚಾಳಿ ಬೆಳೆದಿತ್ತು. 2023ರ ಮಾರ್ಚ್‌ನಲ್ಲಿ ಬಂದ ನೋಂದಣಿ 7.8 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. 2024ರಲ್ಲಿ ಎಷ್ಟು ಕಂಪನಿ ಹೆಸರು ಕೊಟ್ಟರೂ ಒಬ್ಬರಿಗೆ ಒಂದೇ ಚೀಟಿ ಎಂದಾಯಿತು.

2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಘೋಷಣೆಯೊಂದು ಬಂತು. ಅಮೆರಿಕದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. 2004ರಲ್ಲಿ ಸಣ್ಣವರಿಗೆ ಅರ್ಧ ಬಿಟ್ಟ ದೇಶ ಈಗ ಸಾವಿರಾರು ನೌಕರರ ಕಂಪನಿಗೂ ಹತ್ತು ಜನರ ಕಂಪನಿಗೂ ಒಂದೇ ಬಿಲ್ ಹಾಕಿತು.

ಹೊಲ ಅಡವಿಟ್ಟು ಮಕ್ಕಳನ್ನು ಓದಿಸುವ ಮನೆಗಳಿಗೆ ಈ ಇತಿಹಾಸ ಯಾಕೆ ಬೇಕು? 1998ರ ಕಾಯ್ದೆಯ ಎರಡು ಸಾಲಿನ ಸಾರ ಇಂದಿಗೂ ಜೀವಂತ: ತರಬೇತಿ ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ನೌಕರನಿಂದ ವಸೂಲು ಮಾಡುವಂತಿಲ್ಲ; ಪ್ರಾಜೆಕ್ಟ್ ಇಲ್ಲವೆಂದು ಖಾಲಿ ಕೂರಿಸಿದರೂ ಸಂಬಳ ಕೊಡಬೇಕು. 'ಸ್ಪಾನ್ಸರ್ ಕೊಡಿಸುತ್ತೇವೆ, ದುಡ್ಡು ಹಾಕಿ' ಎಂದು ಯಾರಾದರೂ ಬಂದರೆ ಮೊದಲು ಈ ಎರಡು ಮಾತು ಕೇಳಿ. ನಿಜವಾದ ಕಂಪನಿ, ಎಷ್ಟೇ ಸಣ್ಣದಿರಲಿ, ಉತ್ತರ ಕೊಡುತ್ತದೆ.